ಜಾಗ ಬದಲಿಸಿದ ಮದ್ದಿನ ಮನೆ

ಹುಣಸೂರು, ಪಿರಿಯಾಪಟ್ಟಣ ಕಡೆಯ ಶಾಲೆಗಳ ಪ್ರವಾಸದಲ್ಲಿ ಶ್ರೀರಂಗಪಟ್ಟಣ ತಪ್ಪುವುದಿಲ್ಲ. ದರಿಯಾ ದೌಲತ್, ಗುಂಬಜ್, ಜಾಮಿಯಾ ಮಸೀದಿ, ರಂಗನಾಥಸ್ವಾಮಿ ದೇವಾಲಯ ನೋಡಿ ಮಕ್ಕಳು ಬಸ್ಸು ಹತ್ತುತ್ತಾರೆ. ರೈಲು ನಿಲ್ದಾಣದ ಬಳಿಯ ಒಂದು ಹಳೆಯ ಕಟ್ಟಡದ ಕಡೆ ಹೋಗುವವರು ಕಡಿಮೆ. ಅದು ಟಿಪ್ಪು ಸುಲ್ತಾನರ ಕಾಲದ ಶಸ್ತ್ರಾಗಾರ. ಕನ್ನಡದಲ್ಲಿ ಮದ್ದಿನ ಮನೆ, ಉರ್ದುವಿನಲ್ಲಿ ಬಾರೂದ್‌ಖಾನಾ. ಒಂದು ಇಟ್ಟಿಗೆಯನ್ನೂ ಬಿಚ್ಚದೆ ಇಡಿಯಾಗಿ ಜಾಗ ಬದಲಿಸಿದ ಕಟ್ಟಡವಿದು.

ಕೋಟೆಯೊಳಗೆ ಇಂಥ ಮದ್ದಿನ ಮನೆಗಳು ಹಲವಿದ್ದವು. ಇಟ್ಟಿಗೆ, ಗಾರೆಯ ದಪ್ಪ ಗೋಡೆಗಳು; ಕಟ್ಟಡದ ಕೆಳಭಾಗ ನೆಲದೊಳಗೆ. ಮದ್ದು ಒಣಗಿರಬೇಕು, ತಂಪಾಗಿರಬೇಕು, ಕಿಡಿಯಿಂದ ದೂರವಿರಬೇಕು. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಅಪಾಯ. 1799ರ ಮೇ 2ರಂದು, ಕೋಟೆ ಬೀಳುವುದಕ್ಕೆ ಎರಡು ದಿನ ಮೊದಲು, ಬ್ರಿಟಿಷರ ಗುಂಡು ತಗುಲಿ ರಾಕೆಟ್ ದಾಸ್ತಾನು ಸಿಡಿದದ್ದು ಇತಿಹಾಸದಲ್ಲಿ ದಾಖಲಾಗಿದೆ.

1882ರಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗ ಪೂರ್ಣಗೊಂಡಿತು. ಹಳಿ ಕೋಟೆಯೊಳಗೇ ಹಾದುಹೋಯಿತು. ಮುಂದೆ ಜೋಡಿ ಮಾರ್ಗ ಹಾಕಲು ಹೊರಟಾಗ ಈ ಮದ್ದಿನ ಮನೆ ಅಡ್ಡ ಬಂತು. ಸಂರಕ್ಷಿತ ಸ್ಮಾರಕವಾದ್ದರಿಂದ ಕೆಡವುವಂತಿಲ್ಲ. ರೈಲು ಬೇಡ ಎನ್ನುವಂತೆಯೂ ಇಲ್ಲ. ಅಲ್ಲಿನ ಕಾಮಗಾರಿ ವರ್ಷಗಟ್ಟಲೆ ನಿಂತಿತು. ಕೊನೆಗೆ ಕಟ್ಟಡವನ್ನೇ ಸರಿಸುವ ತೀರ್ಮಾನವಾಗಿ, ಅಮೆರಿಕದ ವುಲ್ಫ್ ಸಂಸ್ಥೆ ಹಾಗೂ ದೆಹಲಿಯ ಪಿ.ಎಸ್.ಎಲ್. ಸಂಸ್ಥೆ ಆ ಹೊಣೆ ಹೊತ್ತವು.

ಕಟ್ಟಡದ ತೂಕ ಸುಮಾರು ಒಂದು ಸಾವಿರ ಟನ್. ಹತ್ತು ಟನ್ ಹೊರುವ ಲಾರಿಗಳಾದರೆ ನೂರು ಲಾರಿಗಳ ಭಾರ! ಇಂಥ ಕೆಲಸದಲ್ಲಿ ಮೊದಲು ಸುತ್ತಲಿನ ಮಣ್ಣು ತೆಗೆಯುತ್ತಾರೆ. ಬುಡದಲ್ಲಿ ಸ್ವಲ್ಪ ಸ್ವಲ್ಪವೇ ಕಿಂಡಿ ಕೊರೆದು ಉಕ್ಕಿನ ತೊಲೆಗಳನ್ನು ತೂರಿಸುತ್ತಾರೆ. ಬಳಿಕ ಹೈಡ್ರಾಲಿಕ್ ಜಾಕ್‌ಗಳು ಎಲ್ಲ ಮೂಲೆಗಳನ್ನೂ ಒಂದೇ ಮಟ್ಟದಲ್ಲಿ ಎತ್ತಬೇಕು. ಒಂದು ಮೂಲೆ ತುಸು ಮೇಲಾದರೂ ಹಳೆಯ ಗಾರೆ ಬಿರುಕು ಬಿಡುತ್ತದೆ. ಹೀಗೆ ಎತ್ತಿ, ಅಂಗುಲ ಅಂಗುಲವಾಗಿ ನೂರು ಮೀಟರ್‌ಗೂ ಹೆಚ್ಚು ದೂರ ಸಾಗಿಸಿ, 2017ರ ಮಾರ್ಚ್‌ನಲ್ಲಿ ಹೊಸ ತಳಪಾಯದ ಮೇಲೆ ಕೂರಿಸಲಾಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ತುರ್ಕಿಯ ಹಸನ್‌ಕೇಫ್‌ನಲ್ಲಿ 15ನೇ ಶತಮಾನದ ಜೈನೆಲ್ ಬೇ ಗೋರಿಯನ್ನು ಹೀಗೆಯೇ ಇಡಿಯಾಗಿ ಸುಮಾರು ಎರಡು ಕಿಲೋಮೀಟರ್ ಸಾಗಿಸಿದರು. ಅಲ್ಲಿ ಇಲಿಸು ಅಣೆಕಟ್ಟಿನ ನೀರು ಬರಲಿತ್ತು. ನಮ್ಮ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯದ ಕಥೆ ಬೇರೆ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಲಾಯಿತು. ಕಲ್ಲನ್ನು ಬಿಚ್ಚಿ ಜೋಡಿಸಬಹುದು. ಇಟ್ಟಿಗೆ ಗಾರೆಯ ಗೋಡೆಯನ್ನು ಬಿಚ್ಚಿದರೆ ಕೈಗೆ ಸಿಗುವುದು ಪುಡಿ ಮಾತ್ರ. ಮದ್ದಿನ ಮನೆಯನ್ನು ಇಡಿಯಾಗಿಯೇ ಎತ್ತಬೇಕಾದ್ದು ಅದಕ್ಕೇ.

ಒಂದು ಹಳೆಯ ಉಗ್ರಾಣಕ್ಕೆ ಇಷ್ಟೆಲ್ಲ ಖರ್ಚು ಬೇಕಿತ್ತೇ ಎಂದು ಯಾರಾದರೂ ಕೇಳಬಹುದು. ಅರಮನೆ ರಾಜನ ವೈಭವ ಹೇಳುತ್ತದೆ. ಮದ್ದಿನ ಮನೆಯಾದರೋ ಇಟ್ಟಿಗೆ ಸುಟ್ಟವರ, ಗಾರೆ ಅರೆದವರ, ಮದ್ದು ಕಾಯ್ದ ಸಿಪಾಯಿಗಳ ಬುದ್ಧಿ ಮತ್ತು ಬೆವರನ್ನು ಹೇಳುತ್ತದೆ. ಆದ್ದರಿಂದ ಅದನ್ನು ಉಳಿಸಿದ್ದು ಸರಿ.

ಆದರೂ ಒಂದು ಮಾತು ಮರೆಯಬಾರದು. ಕೋಟೆಯ ನಕ್ಷೆಯಲ್ಲಿ ಆ ಕಟ್ಟಡಕ್ಕೆ ಒಂದು ಜಾಗವಿತ್ತು. ಆ ಜಾಗಕ್ಕೊಂದು ಕಾರಣವಿತ್ತು. ಗೋಡೆ ಬಂದರೂ ಜಾಗ ಬರಲಿಲ್ಲ. ಸ್ಥಳಾಂತರವೆಂಬುದು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ. ಜಾಕ್‌ಗಳು ಇವೆಯೆಂದು ಎಲ್ಲ ಸ್ಮಾರಕಗಳನ್ನೂ ದಾರಿಯಿಂದ ಸರಿಸುತ್ತ ಹೋದರೆ ಕಟ್ಟಡಗಳು ಉಳಿದಾವು, ಊರಿನ ಇತಿಹಾಸ ಉಳಿಯದು.

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಪ್ರವಾಸದಲ್ಲಿ ಅರ್ಧ ಗಂಟೆ ಈ ಕಟ್ಟಡಕ್ಕಾಗಿ ಮೀಸಲಿಡಿ. ಅದನ್ನು ನೋಡಿದ ಮೇಲೆ, ಮೊದಲು ಅದು ಎಲ್ಲಿತ್ತು ಎಂದು ಕೇಳಿ ತಿಳಿಯಿರಿ. ಅಲ್ಲಿಂದ ಇಲ್ಲಿಗೆ ನಡೆದು ಹೆಜ್ಜೆ ಎಣಿಸಿ, ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಕಟ್ಟಡವನ್ನು ಯಂತ್ರ ಉಳಿಸಿತು. ಅದರ ಜಾಗದ ನೆನಪನ್ನು ಉಳಿಸುವ ಹೊಣೆ ನಮ್ಮದು, ನಿಮ್ಮದು.