ಕೇಪಿನ ಕೋವಿ

ಮದ್ದು, ಚರೆಗಳನ್ನು ನಳಿಗೆಯ ಬಾಯಿಂದಲೇ ತುಂಬಿ ಗಜದಿಂದ ಜಡಿಯುವ ನಾಡಬಂದೂಕು. ಕುದುರೆ ಎಂಬ ಸುತ್ತಿಗೆಯಂಥ ಭಾಗ ಬಡಿದಾಗ ಕೇಪು ಎಂಬ ಪುಟ್ಟ ಟೋಪಿ ಸಿಡಿದು ಮದ್ದಿಗೆ ಕಿಡಿ ತಾಗುತ್ತದೆ. ಹಾಸನ ಜಿಲ್ಲೆಯಲ್ಲಿ ಇದು ದಂಡಿಗನಹಳ್ಳಿಯಂಥ ಬಯಲುಸೀಮೆಯ ಹೋಬಳಿಗಳಿಗಿಂತ ಸಕಲೇಶಪುರದ ಕಡೆಯ ಮಲೆನಾಡಿಗೆ ಹೆಚ್ಚು ಸೇರಿದ್ದು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ರೈತರು ಇಟ್ಟುಕೊಳ್ಳುತ್ತಾರೆ. ಕರಿಮದ್ದು ಬೇಗ ತೇವ ಹಿಡಿಯುತ್ತದೆ. ಮಳೆಗಾಲದಲ್ಲಿ ಕೇಪು ಮಾತ್ರ ಚಟ್ಟೆಂದು ಸಿಡಿದು, ಒಳಗಿನ ಮದ್ದು ಕ್ಷಣ ತಡೆದು ಹೊತ್ತಿಕೊಳ್ಳುವುದುಂಟು. ಆಗ ನಳಿಗೆಯೊಳಗೆ ಇಣುಕುವುದು ಸಾವಿಗೆ ಮುಖ ಕೊಟ್ಟಂತೆ. ಭಾರತದಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯ್ದೆಯಡಿ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷ ಸೆರೆವಾಸ.