ನಮ್ಮ ಕೇರಿಯ ಜನರೇಟರು, ಅದಕ್ಕೆ ಬೆರೆಸಿದ ಎಣ್ಣೆ

ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರುಸೊತ್ತಾದಾಗ ಓದಿ.

ಜಯಂತಿ ಬಂತಂತ ಕೇರಿಯ ಹುಡುಗರು ಸಮುದಾಯ ಭವನ ಸ್ವಚ್ಛ ಮಾಡ್ತಿದ್ದರು. ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಹಳೇ ಜನರೇಟರನ್ನು ಹೊರಗೆ ಎಳೆದು, ಫೋಟೋ ಕಳಿಸಿ ಕೇಳಿದರು: "ಅಣ್ಣಾ, ಗುಜರಿಯಾಂವ ಕೆ.ಜಿ. ಲೆಕ್ಕದಾಗ ಕೇಳಾಕತ್ತಾನ. ಕೊಟ್ಟಬಿಡೂಣೇನು?"

ತಡೀರಿ ಅಂದೆ. ಯಾಕೆ ಅಂತ ಫೋನಿನಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಆ ಹುಡುಗರೂ ಓದಲಿ, ಅಥಣಿ, ರಾಯಬಾಗ, ಕಾಗವಾಡ ಕಡೆಯವರೂ ಓದಲಿ.

ಮೊದಲು ಬೆಳಕಿನ ಲೆಕ್ಕ ನೋಡೋಣ. ನಮ್ಮ ಜಿಲ್ಲೆಗೆ ಕರೆಂಟು ಹೊಸದಲ್ಲ. ಗೋಕಾಕ ಫಾಲ್ಸ್‌ನಲ್ಲಿ ಗಿರಣಿ ನಡೆಸೋಕೆ 1887ರಷ್ಟು ಹಿಂದೆಯೇ ನೀರಿನಿಂದ ಶಕ್ತಿ ತೆಗೆದರು. ಶಿವನಸಮುದ್ರಕ್ಕಿಂತ 15 ವರ್ಷ ಮೊದಲು. ಆದರೆ ಗಿರಣಿಗೆ ಬಂದದ್ದು ಕೇರಿಗೆ ಬರಲಿಲ್ಲ. ನಮ್ಮ ಆಯಿ ಹೇಳ್ತಿದ್ದಳು, ಆಕೆ ಸಣ್ಣವಳಿದ್ದಾಗ ಮನೆಯಲ್ಲಿ ಔಡಲ ಎಣ್ಣೆಯ ಹಣತೆ. ಆಮೇಲೆ ಚಿಮಣಿ, ಅದೂ ರೇಶನ್ ಸೀಮೆಎಣ್ಣೆ ಸಿಕ್ಕರೆ. ಕಂಬ ಊರೊಳಗೆ ಬಂದ ಮೇಲೂ ತಂತಿ ಕೇರಿಯ ಹೊರಗೇ ನಿಂತಿತು. 1979ರ ಸುಮಾರಿಗೆ ಭಾಗ್ಯಜ್ಯೋತಿ ಯೋಜನೆ ಬಂದಾಗ ಮನೆಗೊಂದು 40 ವ್ಯಾಟಿನ ಬಲ್ಬು ಅಂತ ಆಯ್ತು. ಬಲ್ಬು ಬಂತು, ಕರೆಂಟು ಇದ್ದಾಗ ಉರೀತು. ಆದರೆ 40 ವ್ಯಾಟಿನಲ್ಲಿ ಸಭೆ ನಡೆಯಲ್ಲ, ಮೈಕು ಮಾತಾಡಲ್ಲ.

ಹಂಗಂತ ನಮ್ಮವರು ಬೆಳಕು ಮುಟ್ಟೇ ಇರಲಿಲ್ಲ ಅಂತಲ್ಲ. ಊರಿನ ದೊಡ್ಡ ಮನೆಗಳ ಮದುವೆಯ ಮೆರವಣಿಗೆಗೆ ಗ್ಯಾಸ್ ಬತ್ತಿ ಹೊತ್ತವರು ಯಾರು? ನಮ್ಮ ಹೆಂಗಸರು, ನಮ್ಮ ಮಕ್ಕಳು. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಉರಿಯೋ ಬತ್ತಿ. ಮದುಮಗನ ಮುಖಕ್ಕೆ ಬೆಳಕು, ಹೊತ್ತವಳ ಮುಖಕ್ಕೆ ಕತ್ತಲು. ಆಮೇಲೆ ಗ್ಯಾಸ್ ಬತ್ತಿ ಹೋಗಿ ಟ್ಯೂಬ್‌ಲೈಟ್ ಬಂದವು, ಹಿಂದೆ ತಳ್ಳುಗಾಡಿಯ ಮೇಲೆ ಜನರೇಟರು ಬಂತು. ಹೊರೋ ತಲೆ ಮಾತ್ರ ಬದಲಾಗಲಿಲ್ಲ. ಗಾಡಿ ತಳ್ಳೋ ಕೆಲಸವೂ ನಮಗೇ ಬಂತು, ಸೈಲೆನ್ಸರಿನ ಹೊಗೆಯೂ ನಮಗೇ.

ಆದರೆ ಗಾಡಿ ತಳ್ಳುತ್ತಾ ತಳ್ಳುತ್ತಾ ಆ ಮಷೀನು ಹೆಂಗ ನಡೀತದ ಅನ್ನೋದನ್ನ ನಮ್ಮವರು ಕಲಿತರು. ನಮ್ಮ ಕಾಕಾ ಹಂಗ ಕಲಿತವರಲ್ಲೊಬ್ಬ.

ಭಾರತದಲ್ಲಿ ಕೈಯಲ್ಲಿ ಎತ್ತಿಕೊಂಡು ಹೋಗೋ ಸಣ್ಣ ಜನರೇಟರು ಅಂಗಡಿ ಅಂಗಡಿಗೆ ಬಂದದ್ದು 80ರ ದಶಕದಲ್ಲಿ. ಶ್ರೀರಾಮ್ ಹೋಂಡಾ ಕಂಪನಿ ಶುರುವಾದದ್ದು 1985ರಲ್ಲಿ. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಬಿರ್ಲಾ ಯಮಹಾ. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸೋ ಮಷೀನುಗಳೂ ಬಂದವು. ಹೋಂಡಾದವು ಫೋರ್ ಸ್ಟ್ರೋಕ್. ಯಮಹಾದ ಚಿಕ್ಕವುಗಳಲ್ಲಿ ಟೂ ಸ್ಟ್ರೋಕ್ ಇದ್ದವು. ಹಗುರ, ಸೋವಿ, ಹಗ್ಗ ಎಳೆದರೆ ಶುರು. ಮೈಕ್‌ಸೆಟ್‌ನವರು, ಜಾತ್ರೆ ಅಂಗಡಿಯವರು ಅವನ್ನೇ ಹಿಡಿದರು.

ನಮ್ಮ ಕೇರಿಗೆ ಅದು ಬಂದದ್ದು 1991ರಲ್ಲಿ, ಬಾಬಾಸಾಹೇಬರ ಜನ್ಮಶತಮಾನದ ವರ್ಷ. ಅದರ ಹಿಂದಿನ ವರ್ಷ ಜಯಂತಿಗೆ ಊರೊಳಗಿನ ಒಂದು ಮನೆಯಿಂದ ವಾಯರ್ ಎಳೆದುಕೊಂಡಿದ್ದೆವು. ಭಾಷಣ ಶುರುವಾಗಿ ಹತ್ತು ನಿಮಿಷಕ್ಕೆ ಯಾರೋ ಪ್ಲಗ್ ಕಿತ್ತರು. ಕತ್ತಲಲ್ಲಿ ಫೋಟೋಕ್ಕೆ ಹಾರ ಹಾಕಿ ಮುಗಿಸಿದೆವು. ಆ ರಾತ್ರಿಯೇ ಹೆಂಗಸರು ತೀರ್ಮಾನ ಮಾಡಿದರು: ಬರೋ ವರ್ಷ ಯಾರ ಮನಿ ಕರೆಂಟೂ ಬ್ಯಾಡ.

ವರ್ಗಣಿ ಹಾಕಿದವರೂ ಹೆಚ್ಚಾಗಿ ಅವರೇ. ನಿಪ್ಪಾಣಿಯ ತಂಬಾಕು ಗೋದಾಮು, ಬೀಡಿ ಕೆಲಸಕ್ಕೆ ಹೋಗ್ತಿದ್ದ ಹೆಂಗಸರು. ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರು ಸಂಘ ಕಟ್ಟಿ ಹೋರಾಡಿದ ಕತೆ ಗೊತ್ತಿಲ್ಲದವರು 1982ರಲ್ಲಿ ಯುಗಾಂತರ್ ಮಹಿಳಾ ತಂಡ ಮಾಡಿದ ಸಾಕ್ಷ್ಯಚಿತ್ರ ಹುಡುಕಿ ನೋಡಿ. ಹೊಗೆಸೊಪ್ಪಿನ ಘಾಟಿನಲ್ಲಿ ಕೆಮ್ಮುತ್ತಾ ದುಡಿದ ರೊಕ್ಕ ಅದು. ಮೈಕ್‌ಸೆಟ್‌ನವನೊಬ್ಬನ ಹತ್ತಿರ ಸೆಕೆಂಡ್ ಹ್ಯಾಂಡ್ ಟೂ ಸ್ಟ್ರೋಕ್ ಮಷೀನು ಸಿಕ್ಕಿತು.

ನಮ್ಮ ಈ ಭಾಗಕ್ಕೆ ಸಭೆಗಳ ಚರಿತ್ರೆ ದೊಡ್ಡದು. 1920ರ ಮಾರ್ಚ್‌ನಲ್ಲಿ ನಿಪ್ಪಾಣಿಯ ಆಚೆ, ಕಾಗಲ ಸೀಮೆಯ ಮಾಣಗಾವದಲ್ಲಿ ಶಾಹೂ ಮಹಾರಾಜರು ಬಾಬಾಸಾಹೇಬರನ್ನು ನಿಮ್ಮ ನಾಯಕ ಸಿಕ್ಕಿದ್ದಾನೆ ಅಂತ ಜನಕ್ಕೆ ತೋರಿಸಿದರು. ಆಗ ರಾಯಬಾಗವೂ ಕೊಲ್ಹಾಪುರ ಸಂಸ್ಥಾನದ್ದೇ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲೇ ಬಹಿಷ್ಕೃತರ ಪರಿಷತ್ತು ಸೇರಿತು, ಬಾಬಾಸಾಹೇಬರು ಬಂದಿದ್ದರು. ಅಷ್ಟೆಲ್ಲ ಆದ ಈ ನೆಲದಲ್ಲಿ, 66 ವರ್ಷದ ಮೇಲೂ, ನಮ್ಮ ಕೇರಿಯಲ್ಲಿ ಒಂದು ಭಾಷಣ ಪೂರ್ತಿ ಆಗೋಕೆ ಒಬ್ಬ ಪ್ಲಗ್ ಕೀಳದೇ ಇರಬೇಕಿತ್ತು. 1991ರ ಏಪ್ರಿಲ್ 14ಕ್ಕೆ ಮೊದಲ ಸಲ ಭಾಷಣ ಪೂರ್ತಿ ಆಯ್ತು. ಎರಡು ಟ್ಯೂಬ್‌ಲೈಟು, ಒಂದು ಆಂಪ್ಲಿಫೈಯರು, ಹಿಂದೆ ಡರ್ರ್ ಅನ್ನೋ ಸದ್ದು. ಭಾಷಣಕ್ಕಿಂತ ಆ ಸದ್ದೇ ಜೋರಿತ್ತು. ಯಾರಿಗೂ ಬೇಜಾರಾಗಲಿಲ್ಲ.

ಅದೇ ಜೂನ್‌ನಲ್ಲಿ, 1967ರಿಂದ ಸತತವಾಗಿ ಚಿಕ್ಕೋಡಿಯಿಂದ ಗೆದ್ದು ಬಂದಿದ್ದ ಬಿ. ಶಂಕರಾನಂದರು ಕೇಂದ್ರದ ಪೆಟ್ರೋಲಿಯಂ ಮಂತ್ರಿಯಾದರು. ಟ್ಯಾಂಕಿಗೆ ಪೆಟ್ರೋಲ್ ಸುರಿಯುವಾಗೆಲ್ಲ ಕಾಕಾ ಹೇಳ್ತಿದ್ದ: "ದೇಶದ ಎಣ್ಣಿ ನಮ್ಮಾಂವನ ಕೈಯಾಗ ಐತಿ, ಹನಿ ಚೆಲ್ಲಬ್ಯಾಡ್ರಲೇ."

ಈಗ ಎಣ್ಣೆಯ ಮಾತು. ಹುಡುಗರೇ, ಇದನ್ನ ಲಕ್ಷ್ಯ ಕೊಟ್ಟು ಓದ್ರಿ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿನ ತೊಟ್ಟಿಯಲ್ಲಿ ಇರ್ತದೆ. ಮೇಲೆ ಚಿಮ್ಮಿ ಮತ್ತೆ ಅಲ್ಲೇ ಬೀಳ್ತದೆ. ಟೂ ಸ್ಟ್ರೋಕ್‌ನಲ್ಲಿ ಆ ತೊಟ್ಟಿಯ ಜಾಗದೊಳಗಿಂದಲೇ ಗಾಳಿ, ಪೆಟ್ರೋಲ್ ಹಾದು ಸಿಲಿಂಡರಿಗೆ ಏರಬೇಕು. ಅಲ್ಲಿ ಎಣ್ಣೆ ನಿಲ್ಲಿಸೋಕೆ ಬರಲ್ಲ. ಅದಕ್ಕೇ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಅದು ಬೇರಿಂಗು, ಪಿಸ್ಟನ್‌ಗೆ ಜಿಡ್ಡು ಹಚ್ಚಿ, ತಾನೇ ಸುಟ್ಟು ಹೊಗೆಯಾಗಿ ಹೋಗ್ತದೆ. ಈ ಕಟ್ಟೋಣವನ್ನು ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ ಅನ್ನುವವರ ಹೆಸರಲ್ಲಿ ಹೇಳ್ತಾರೆ. ಆದರೆ ಕವಾಟಗಳನ್ನೇ ತೆಗೆದುಹಾಕಿ, ಪಿಸ್ಟನ್ನೇ ಬಾಗಿಲು ತೆರೆದು ಮುಚ್ಚೋ ಹಾಗೆ ಸುಧಾರಿಸಿದ್ದು ಅವರ ಕೆಲಸಗಾರ ಫ್ರೆಡರಿಕ್ ಕಾಕ್, 1892ರಲ್ಲಿ. ಆ ಕೆಲಸಗಾರನ ಹೆಸರು ಎಷ್ಟು ಜನಕ್ಕೆ ಗೊತ್ತು? ಎಲ್ಲಾ ಕಡೆ ಕತೆ ಒಂದೇ.

ಎಣ್ಣೆ ನಮಗೆ ಹೊಸದಲ್ಲ. ಬಂಡಿಯ ಅಚ್ಚಿಗೆ ಔಡಲ ಎಣ್ಣೆಯಲ್ಲಿ ಮಸಿ ಕಲಸಿ ಕೀಲೆಣ್ಣೆ ಮಾಡಿದ ಕೈ ನಮ್ಮವು. ಅಥಣಿ ಕಡೆ ಚಪ್ಪಲಿ ಹೊಲಿಯೋ ನಮ್ಮವರಿಗೆ ಯಾವ ತೊಗಲಿಗೆ ಎಷ್ಟು ಎಣ್ಣೆ ಅನ್ನೋದು ಬೆರಳಿಗೇ ಗೊತ್ತು. ಇಷ್ಟು ದೊಡ್ಡ ಕ್ಯಾಸ್ಟ್ರಾಲ್ ಕಂಪನಿಯ ಹೆಸರು ಎಲ್ಲಿಂದ ಬಂತು ಅಂದ್ರಿ? ಇಂಗ್ಲಿಷಿನಲ್ಲಿ ಔಡಲಕ್ಕೆ ಕ್ಯಾಸ್ಟರ್ ಅಂತಾರೆ, ಅದರಿಂದ. 1909ರಲ್ಲಿ ಎಂಜಿನ್ ಎಣ್ಣೆಗೆ ಅವರು ಬೆರೆಸಿದ್ದು ಆಯಿಯ ಹಣತೆಯ ಎಣ್ಣೆಯನ್ನೇ.

ಕಾಕಾನ ಹತ್ತಿರ ಒಂದು ಔಷಧಿ ಬಾಟಲಿಯ ಮುಚ್ಚಳ ಇತ್ತು. ಅದೇ ಅಳತೆ. ಲೀಟರಿಗೆ ಎಷ್ಟು ಮುಚ್ಚಳ ಅನ್ನೋದು ಟ್ಯಾಂಕಿನ ಮೇಲೆ ಮೊಳೆಯಿಂದ ಗೀರಿದ್ದ. ಕಡಿಮೆ ಹಾಕಿದರೆ ಪಿಸ್ಟನ್ ಹಿಡೀತದೆ. ಜಾಸ್ತಿ ಹಾಕಿದರೆ ಪ್ಲಗ್ಗಿಗೆ ಮಸಿ ಕಟ್ಟಿ ಹಗ್ಗ ಎಷ್ಟು ಎಳೆದರೂ ಏಳಲ್ಲ, ಎದ್ದರೆ ಹೊಗೆ. ಆಗ ಬಂಕಿನಲ್ಲಿ ಟೂಟಿ ಎಣ್ಣೆ ಬಿಡಿಯಾಗಿ ಸಿಗ್ತಿತ್ತು. ಅದರಲ್ಲಿ ಏನು ಬೆರೆತಿದೆಯೋ ಯಾರಿಗೆ ಗೊತ್ತು? ಕಾಕಾ ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ ನೋಡಿಯೇ ತಗೊಳ್ತಿದ್ದ. ಬಿಡಿ ಎಣ್ಣೆಯ ಹೊಗೆ ಎಷ್ಟು ಕೆಟ್ಟದ್ದು ಅಂದ್ರೆ, ದಿಲ್ಲಿಯಲ್ಲಿ 1998ರ ಕೊನೆಗೆ ಅದರ ಮಾರಾಟವನ್ನೇ ನಿಲ್ಲಿಸಿದರು. ಆಮೇಲೆ ಕಡಿಮೆ ಹೊಗೆಯ ಎಣ್ಣೆ ಎಲ್ಲಾ ಕಡೆ ಬಂತು. ಅಲ್ಲಿವರೆಗೆ ಆ ಹೊಗೆ ಕುಡಿದವರು ಸ್ಕೂಟರ್ ಮೇಲೆ ಕೂತವರಿಗಿಂತ ಹೆಚ್ಚಾಗಿ ಮಷೀನಿನ ಪಕ್ಕ ರಾತ್ರಿಯಿಡೀ ಕೂತವರು. ಕಾಕಾನ ಕೆಮ್ಮು ಎಲ್ಲಿಂದ ಬಂತು ಅಂತ ಯಾವ ಡಾಕ್ಟರೂ ಬರೆದುಕೊಡಲಿಲ್ಲ. 2011ರಲ್ಲಿ ಹೋದ.

ಕಾಕಾನ ಜೊತೆ ಏನು ಹೋಯ್ತು ಅನ್ನೋದು 2019ರ ಆಗಸ್ಟ್‌ನಲ್ಲಿ ಗೊತ್ತಾಯ್ತು. ಆ ಮಹಾಪೂರ ನಿಮಗೆ ನೆನಪಿರಬೇಕು. ಕೃಷ್ಣಾ, ದೂಧಗಂಗಾ, ವೇದಗಂಗಾ ಒಟ್ಟಿಗೆ ಏರಿ ಈ ಐದೂ ತಾಲೂಕಿನ ದಂಡೆ ಊರುಗಳು ಮುಳುಗಿದವು. ನಮ್ಮ ಕೇರಿ ತಗ್ಗಿನಲ್ಲಿದೆ, ಮೊದಲು ಮುಳುಗಿದ್ದೇ ನಾವು. ಕೇರಿಗಳು ಯಾವಾಗಲೂ ತಗ್ಗಿನಲ್ಲೇ ಯಾಕೆ ಇರ್ತವೆ ಅನ್ನೋದು ಬೇರೆ ಪೋಸ್ಟು. ಒಂದು ಶಾಲೆಯಲ್ಲಿ ಇಳಿದುಕೊಂಡೆವು. ಕರೆಂಟಿಲ್ಲ. ನೀರಿನ ಜೊತೆ ಹಾವು ಬರ್ತಿದ್ದವು. ಎಳೇ ಬಾಣಂತಿ ಒಬ್ಬಳಿದ್ದಳು. ಗೆಳೆಯರೊಬ್ಬರು ತಮ್ಮ ಹಳೇ ಟೂ ಸ್ಟ್ರೋಕ್ ಜನರೇಟರು ಕಳಿಸಿಕೊಟ್ಟರು. ನಮ್ಮ ಹುಡುಗ, ಐಟಿಐ ಓದಿದವ, ಎಣ್ಣೆಯ ಕಡ್ಡಿ ಹುಡುಕಿದ. ಕಡ್ಡಿ ಇರಲಿಲ್ಲ. ಎಣ್ಣೆ ಬೇಕಾಗಿಲ್ಲ ಅಂದುಕೊಂಡು ಬೈಕಿಗೆ ಹಾಕಿದ ಹಂಗ ಬರೇ ಪೆಟ್ರೋಲ್ ಹಾಕಿದ. ಅರ್ಧ ತಾಸು ಚಲೋ ನಡೀತು. ಆಮೇಲೆ ಕಿರ್ರ್ ಅಂತ ನಿಂತಿತು, ಮತ್ತೆ ಹಗ್ಗವೇ ಅಲುಗಾಡಲಿಲ್ಲ. ಆ ರಾತ್ರಿ ಹೆಂಗಸರು ಮೊಬೈಲ್ ಬ್ಯಾಟರಿ ಹಿಡಿದು, ಬಾಣಂತಿಯ ಸುತ್ತ ಪಾಳಿ ಹಚ್ಚಿ ಎಚ್ಚರಿದ್ದರು.

ಹುಡುಗನ ತಪ್ಪಲ್ಲ. ಅವನು ಹುಟ್ಟಿ ಬೆಳೆದದ್ದು ಫೋರ್ ಸ್ಟ್ರೋಕ್ ಬೈಕುಗಳ ಕಾಲದಲ್ಲಿ. ಲೂನಾ, ಆರ್‌ಎಕ್ಸ್ 100 ನೋಡಿಲ್ಲ. ತಪ್ಪು ನಮ್ಮದು. ಅವನಿಗೆ ಸಂವಿಧಾನದ ವಿಧಿಗಳ ನಂಬರು ಬಾಯಿಪಾಠ ಮಾಡಿಸಿದೆವು, ಕಾಕಾನ ಮುಚ್ಚಳದ ಲೆಕ್ಕ ಹೇಳಿಕೊಡಲಿಲ್ಲ. ಆ ಲೆಕ್ಕವೂ ನಮ್ಮ ಚರಿತ್ರೆ ಅಂತ ನಮಗೇ ಅನಿಸಿರಲಿಲ್ಲ.

ಹಳೇ ಕತೆ ಬಿಡು ಅನ್ನಬೇಡಿ. ಇವತ್ತೂ ಕಬ್ಬು, ತಂಬಾಕು, ದ್ರಾಕ್ಷಿಗೆ ಎಣ್ಣಿ ಹೊಡೆಯೋಕೆ ಬೆನ್ನಿಗೆ ಕಟ್ಟಿಕೊಳ್ಳೋ ಪಂಪು, ಹುಲ್ಲು ಕತ್ತರಿಸೋ ಮಷೀನು, ಬಹಳಷ್ಟು ಟೂ ಸ್ಟ್ರೋಕೇ. ಬೆನ್ನು ಯಾರದು ಅಂತ ಹೇಳಬೇಕಾಗಿಲ್ಲ. ಮಾಲಕ ಬರೇ ಪೆಟ್ರೋಲ್ ಕೊಟ್ಟು ಕಳಿಸ್ತಾನೆ, ಮಷೀನು ಹಿಡಿದರೆ ಪಗಾರದಲ್ಲಿ ಹಿಡಿತಾನೆ. ಅದಕ್ಕೆ ಬರೆದಿಟ್ಟುಕೊಳ್ಳಿ:

– ಎಣ್ಣೆ ಹಾಕೋಕೆ ಬೇರೆ ಬಾಯಿ, ಕಡ್ಡಿ ಇದ್ದರೆ ಫೋರ್ ಸ್ಟ್ರೋಕ್. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು. ಇಲ್ಲದಿದ್ದರೆ ಟೂ ಸ್ಟ್ರೋಕ್, ಬೆರೆಸಲೇಬೇಕು.

– ಡಬ್ಬಿ ಮೇಲೆ 2ಟಿ ಅಂತ ಇರಬೇಕು, ಜೊತೆಗೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ, ಇಲ್ಲವೇ ಎಪಿಐ ಟಿಸಿ. ಬೈಕಿನ 4ಟಿ ಎಣ್ಣೆ ಬೇಡ, ಅದು ಸುಟ್ಟರೆ ಬೂದಿ ಉಳೀತದೆ. ಬೈಕಿನಿಂದ ಇಳಿಸಿದ ಕರೇ ಎಣ್ಣೆಯಂತೂ ಬೇಡವೇ ಬೇಡ. ಟಿಸಿ-ಡಬ್ಲ್ಯೂ3 ಅಂತಿದ್ದರೆ ಅದು ನೀರಿನಿಂದ ತಣಿಯೋ ದೋಣಿ ಎಂಜಿನ್ನಿನದು.

– ಅಳತೆ ಮಷೀನಿನ ಮೇಲೇ ಬರೆದಿರ್ತದೆ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 40ಕ್ಕೆ 1 ಅಂದರೆ 25, 25ಕ್ಕೆ 1 ಅಂದರೆ 40. ಬೇರೆ ಕ್ಯಾನಿನಲ್ಲಿ ಅಲುಗಾಡಿಸಿ ಬೆರೆಸಿ, ಆಮೇಲೆ ಟ್ಯಾಂಕಿಗೆ.

– ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರ್ತದೆ, ನಾವೇ ಕಡಿದ ಕಬ್ಬಿನದೂ ಅದರಾಗ ಇರಬಹುದು. ಅದು ನೀರು ಹೀರ್ತದೆ. ಬೆರೆಸಿದ್ದನ್ನ ತಿಂಗಳುಗಟ್ಟಲೆ ಇಡಬೇಡಿ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ.

– ಮುಚ್ಚಿದ ಖೋಲಿಯಲ್ಲಿ ಜನರೇಟರು ಹಚ್ಚಬೇಡಿ. ವಾಸನೆ ಇಲ್ಲದ ವಿಷದ ಗಾಳಿ ಮಲಗಿದವರನ್ನ ಎಬ್ಬಿಸಲ್ಲ. ಮನೆಯ ಸಾಕೆಟ್ಟಿಗೆ ಅದರ ವಾಯರ್ ಕೊಡಬೇಡಿ, ಕಂಬದ ಮೇಲಿರೋ ಲೈನ್‌ಮನ್ ಸಾಯ್ತಾನೆ.

ಮತ್ತೆ ನಮ್ಮ ಮಷೀನಿಗೆ ಬರೋಣ. ಅದನ್ನ ಗುಜರಿಗೆ ಕೊಡೋದು ಬೇಡ. ಒರೆಸಿ, ಟ್ಯಾಂಕಿನ ಮೇಲೆ ಕಾಕಾ ಗೀರಿದ ಗೀಟು ಕಾಣೋ ಹಾಗೆ, ಭವನದಲ್ಲಿ ಪುಸ್ತಕದ ಕಪಾಟಿನ ಪಕ್ಕ ಇಡಿ. ವರ್ಗಣಿ ಕೊಟ್ಟ ಹೆಂಗಸರಲ್ಲಿ ನಾಲ್ವರು ಇನ್ನೂ ಇದ್ದಾರೆ. ಈ ಏಪ್ರಿಲ್ 14ಕ್ಕೆ ಪ್ಲಗ್ ಬದಲಿಸಿ, ಸರಿಯಾಗಿ ಎಣ್ಣೆ ಬೆರೆಸಿ, ಅವರ ಕೈಯಿಂದಲೇ ಹಗ್ಗ ಎಳೆಸೋಣ. ಐದು ನಿಮಿಷ ನಡೆದರೆ ಸಾಕು.

ನಿಮ್ಮ ನಿಮ್ಮ ಕೇರಿಯಲ್ಲಿ ಜಯಂತಿಯ ರಾತ್ರಿ ಹಗ್ಗ ಎಳೆದವರು, ಟ್ಯೂಬ್‌ಲೈಟ್ ಹೊತ್ತವರು, ಎಣ್ಣೆ ಅಳೆದವರು ಯಾರಿದ್ದರು? ವೇದಿಕೆ ಮೇಲೆ ಕೂತವರ ಹೆಸರು ಪಾಂಪ್ಲೆಟ್ಟಿನಲ್ಲಿ ಇವೆ. ಇವರನ್ನೂ ನೆನಪು ಮಾಡಿ ಬರೆದಿಡ್ರಿ.

ಜೈಭೀಮ್.