ಕುಪ್ಪಳಿಯ ಮನೆ

ಹಾಸನದ ಸೀಮೆಯವರಾದ ನಮಗೆ ಪ್ರಾಚೀನ ಕಟ್ಟಡಗಳೆಂದೊಡನೆ ನೆನಪಿಗೆ ಬರುವುವು ದೇವಾಲಯಗಳೇ. ಬೇಲೂರು ಹಳೇಬೀಡುಗಳ ಗುಡಿಗಳು, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟ, ಹೊಳೆನರಸೀಪುರದ ಲಕ್ಷ್ಮೀನರಸಿಂಹ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ರಾಮೇಶ್ವರ, ಇವೆಲ್ಲವೂ ಕಲ್ಲಿನ ಬಲದಿಂದ ಉಳಿದುಬಂದಿರುವುವು. ಆದರೆ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಿಸಿದ ವಿಷ್ಣುವರ್ಧನನು ಎಂತಹ ಮನೆಯಲ್ಲಿ ಉಂಡು ಮಲಗಿದನೆಂಬುದನ್ನು ತೋರಿಸಬಲ್ಲ ಮನೆಯೊಂದೂ ಇಂದು ನಿಂತಿಲ್ಲ. ಆ ಗುಡಿಯಲ್ಲಿ ಕೆಲಸ ಮಾಡಿದ ಬಳ್ಳಿಗಾವಿಯ ದಾಸೋಜ, ಚಾವಣರೆಂಬ ರೂವಾರಿಗಳ ಹೆಸರುಗಳು ಶಿಲೆಯ ಮೇಲಿರುವುವು; ಅವರ ಬಿಡಾರಗಳ ಗುರುತಿಲ್ಲ. ಆದಕಾರಣ ಮಣ್ಣು ಮರಗಳಿಂದ ಕಟ್ಟಿದ ಒಂದು ಹಳೆಯ ವಾಸದ ಮನೆಯು ಕೆಡದೆ ಉಳಿದಿರುವುದಾದರೆ, ಚರಿತ್ರೆಯನ್ನು ಅರಸುವವನಿಗೆ ಅದು ದೇಗುಲಕ್ಕಿಂತಲೂ ದುರ್ಲಭವಾದ ವಸ್ತು.

ಬಾಳೆಹೊನ್ನೂರಿನ ರಂಭಾಪುರಿ ಪೀಠದ ದರ್ಶನಕ್ಕೆಂದು ಹೋಗಿದ್ದ ನಾವು ಕೆಲವರು ಅಲ್ಲಿಂದ ಕೊಪ್ಪದ ಮೇಲೆ ಮುಂದುವರಿದು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿ, ರಾಷ್ಟ್ರಕವಿ ಕುವೆಂಪುರವರು ಬೆಳೆದ ಮನೆಯನ್ನು ನೋಡಿಬಂದೆವು. ಕವಿಯು ಹುಟ್ಟಿದ ಮನೆಯೇ ಇದೆಂದು ಹಲವರು ತಿಳಿದಿರುವರು. ಅದು ಸರಿಯಲ್ಲ. 1904ನೆಯ ಡಿಸೆಂಬರ್ 29ರಂದು ಅವರು ಜನಿಸಿದುದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಕುಪ್ಪಳಿಯದು ತಂದೆ ವೆಂಕಟಪ್ಪಗೌಡರ ಮನೆ.

ಇದು ಮೂರಂತಸ್ತಿನ ಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಜಗಲಿ, ದಪ್ಪ ಮರದ ಕಂಬಗಳು, ಮೇಲೆ ಉಪ್ಪರಿಗೆ, ಮಳೆಗೆ ಎದೆಗೊಡುವ ಇಳಿಜಾರು ಮಾಡು. ಅಡಕೆಯ ತೋಟ, ಗದ್ದೆಗಳ ಒಕ್ಕಲುತನದ ದೊಡ್ಡ ಕುಟುಂಬವೊಂದು ಹೇಗೆ ಒಂದೇ ಸೂರಿನಡಿ ಬಾಳುತ್ತಿದ್ದಿತೆಂಬುದನ್ನು ಈ ಅಂಗಳದಲ್ಲಿ ನಿಂತವನಿಗೆ ಬೇರೆಯವರು ಹೇಳಬೇಕಾದುದಿಲ್ಲ. ಹನ್ನೆರಡರ ವಯಸ್ಸಿಗೇ ತಂದೆಯನ್ನು ಕಳೆದುಕೊಂಡ ಹುಡುಗನು ಇಲ್ಲಿಂದ ತೀರ್ಥಹಳ್ಳಿಗೂ ಅನಂತರ ಮೈಸೂರಿಗೂ ಓದಲು ಹೋದನು. 1992ರಲ್ಲಿ ಸ್ಥಾಪಿತವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದವರು ಮನೆಯನ್ನು ಜೀರ್ಣೋದ್ಧಾರಗೊಳಿಸಿ, ಅಡಿಗೆಯ ಪಾತ್ರೆಪರಡಿ, ಬೇಸಾಯದ ಸಲಕರಣೆ, ಕವಿಯ ಕೃತಿಗಳು ಮತ್ತು ಭಾವಚಿತ್ರಗಳನ್ನು ಅಣಿಗೊಳಿಸಿರುವರು. 1937ರಲ್ಲಿ ಹೇಮಾವತಿಯವರೊಡನೆ ನಡೆದ ವಿವಾಹದ ಮಂಟಪವೂ ಇಲ್ಲಿರುವುದು. ಅದರ ಮುಂದೆ ನಮ್ಮೊಡನಿದ್ದ ತಾಯಂದಿರು ನಿಂತಷ್ಟು ಹೊತ್ತು ಪುಸ್ತಕಗಳ ಮುಂದೆ ನಾವು ನಿಲ್ಲಲಿಲ್ಲವೆಂಬುದನ್ನು ಒಪ್ಪಿಕೊಳ್ಳುವೆನು.

2015ರ ನವೆಂಬರಿನಲ್ಲಿ ಕಳ್ಳರು ಈ ಮನೆಗೆ ನುಗ್ಗಿ ಕವಿಗೆ ಸಂದಿದ್ದ ಪದ್ಮಪ್ರಶಸ್ತಿಯ ಪದಕಗಳನ್ನು ಕದ್ದೊಯ್ದರು. ನಾಡೆಲ್ಲ ನೊಂದಿತು, ನೋಯಬೇಕಾದುದೇ. ಆದರೆ ಹೊಗೆಹಿಡಿದ ಅಡಿಗೆಯ ಪಾತ್ರೆಗಳನ್ನು ಯಾವ ಕಳ್ಳನು ಬಯಸುವನು? ಕವಿಯ ಬಾಲ್ಯವನ್ನು ತಿಳಿಯಲು ನಮಗೆ ಬೇಕಾದುವು ಅವುಗಳೇ.

ಇಲ್ಲಿ ಒಂದು ಸಂದೇಹವು ಏಳದಿರದು. 'ಅನಿಕೇತನ'ವೆಂಬ ಕವಿತೆಯಲ್ಲಿ ಚೇತನವು ಎಲ್ಲಿಯೂ ಮನೆಕಟ್ಟದಿರಲೆಂದು ಹಾರೈಸಿದ ಕವಿಗೆ ಮನೆಯನ್ನೇ ಸ್ಮಾರಕವನ್ನಾಗಿ ಮಾಡಬಹುದೆ? ಸ್ಥಾವರಕ್ಕಿಂತ ಜಂಗಮವು ಹಿರಿದೆಂದು ಕೇಳುತ್ತ ಬೆಳೆದ ಶ್ರೀಮಠದ ಶಿಷ್ಯರಿಗೆ ಈ ಸಂದೇಹವು ಹೊಸದಲ್ಲ. ನನಗೆ ತೋರುವಂತೆ, ಮನೆಯನ್ನು ಪೂಜಿಸಿದರೆ ತಪ್ಪು, ಓದಿದರೆ ತಪ್ಪಲ್ಲ. 'ಕಾನೂರು ಹೆಗ್ಗಡಿತಿ'ಯನ್ನಾಗಲಿ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನಾಗಲಿ ಓದಿದವರು ಈ ಜಗಲಿಯ ಮೇಲೆ ಕುಳಿತರೆ, ಯಜಮಾನನು ಎಲ್ಲಿ ಕುಳಿತಿದ್ದನು, ಆಳು ಎಲ್ಲಿ ನಿಂತಿರಬೇಕಾಗಿದ್ದಿತು ಎಂಬುದು ತಾನೇ ತಿಳಿಯುವುದು.

ಆದರೆ ಆ ಆಳಿನ ಮನೆ ಎಲ್ಲಿ? 1967ರಲ್ಲಿ ಪ್ರಕಟವಾದ ಎರಡನೆಯ ಕಾದಂಬರಿಯಲ್ಲಿ ನಾಯಿಗುತ್ತಿಯೆಂಬ ಜೀತದಾಳೂ ಅವನ ನಾಯಿಯೂ ಯಾವ ಗೌಡರಿಗಿಂತಲೂ ಕಡಿಮೆಯಲ್ಲದಂತೆ ಬದುಕಿರುವರು. ಅಂತಹವರ ಹುಲ್ಲುಮಾಡಿನ ಬಿಡಾರಗಳು ಮಳೆಯಲ್ಲಿ ಕರಗಿಹೋದುವು. ಬೇಲೂರಿನ ರೂವಾರಿಗಳಿಗಾದರೂ ಕಲ್ಲಿನ ಮೇಲೆ ಹೆಸರು ಕೊರೆಯುವ ಅವಕಾಶವಿದ್ದಿತು. ಇವರಿಗೆ ಅದೂ ಇಲ್ಲದೆ, ಹಿರಿಯ ಮನೆಯ ಮಗನೊಬ್ಬನು ಬರೆದ ಪುಸ್ತಕವೇ ಉಳಿದ ಬಿಡಾರವಾಯಿತು. ಸ್ಮಾರಕದಲ್ಲಿ ಅಂತಹ ಒಂದು ಗುಡಿಸಲನ್ನೂ ಕಟ್ಟಿ ತೋರಿಸಿದ್ದರೆ ಕವಿಯು ಸಂತೋಷಪಡುತ್ತಿದ್ದರೆಂದು ನನ್ನ ಎಣಿಕೆ.

ಮನೆಯ ಮೇಲ್ಗಡೆಯ ಗುಡ್ಡವೇ ಕವಿಶೈಲ. 1994ರ ನವೆಂಬರಿನಲ್ಲಿ ಕವಿಯ ದೇಹವು ಅಲ್ಲಿಯೇ ಮಣ್ಣುಗೂಡಿತು. ಕಲಾವಿದ ಕೆ. ಟಿ. ಶಿವಪ್ರಸಾದರ ಕಲ್ಪನೆಯಂತೆ ನಿಲ್ಲಿಸಿದ ಭಾರಿ ಶಿಲೆಗಳು ಈಗ ಸಮಾಧಿಯ ಸುತ್ತ ನಿಂತಿರುವುವು. ಸಮೀಪದ ಬಂಡೆಯ ಮೇಲೆ ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ, ಕುವೆಂಪು ಈ ಮೂವರೂ 1936ರಲ್ಲಿ ಕೊರೆದ ಹಸ್ತಾಕ್ಷರಗಳನ್ನು ಕಾಣಬಹುದು. ಗುರುಗಳಿಬ್ಬರ ಹೆಸರುಗಳೊಡನೆ ಶಿಷ್ಯನ ಹೆಸರು.

ಬಾಳೆಹೊನ್ನೂರಿಗೆ ಹೋಗುವ ಭಕ್ತರು ಇನ್ನರ್ಧ ದಿನವನ್ನು ಕೂಡಿಸಿಕೊಂಡರೆ ಕುಪ್ಪಳಿಯನ್ನು ನೋಡಿಬರಬಹುದು. ಮಳೆಗಾಲದಲ್ಲಿ ಹೋಗಬಾರದೆಂದು ನಮಗೆ ಹೇಳಿದವರುಂಟು. ನಾನಾದರೋ ಮಳೆಗಾಲದಲ್ಲಿಯೇ ಹೋಗಿರೆಂದು ಹೇಳುವೆನು. ಕೊಡೆ ಮರೆಯದಿರಲಿ. ಮಾಡಿನಿಂದ ನಾಲ್ಕು ಕಡೆಯೂ ಅಂಗಳಕ್ಕೆ ನೀರು ಸುರಿಯುತ್ತಿರುವಾಗ ಜಗಲಿಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಬೇಕು.